ಊರಿಗೂ ಅಗ್ನಿಶಾಮಕ ಠಾಣೆಗೂ ನಡುವಿನ ದಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೇಸಿಗೆ ಹತ್ತಿರವಾಗುತ್ತಿರುವುದರಿಂದಲೋ ಏನೋ, ಈ ಬಾರಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ನಾಲ್ಕು ಅಗ್ನಿಶಾಮಕ ಠಾಣೆಗಳ ಕುರಿತಾಗಿಯೇ ಇವೆ. ನಾಲ್ಕೂ ಹಾವೇರಿ, ಗದಗ ಮತ್ತು ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಬಂದವು. ಒಂದರ ಉತ್ತರ ಇನ್ನೊಂದಕ್ಕೆ ಆಧಾರವಾಗುವುದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿ, ಇವುಗಳನ್ನು ಒಟ್ಟಾಗಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿಯು ಊರಿನ ಇತಿಹಾಸದ ಪುಸ್ತಿಕೆಯೊಂದನ್ನು ಹೊರತರುತ್ತಿದೆ. ಶಾಲೆ, ಅಂಚೆ ಕಚೇರಿ, ಸಹಕಾರ ಸಂಘ ಬಂದ ವರ್ಷಗಳು ಸಿಕ್ಕಿವೆ. ಬೆಂಕಿ ಆರಿಸುವ ವ್ಯವಸ್ಥೆಯ ಬಗ್ಗೆಯೂ ಒಂದು ಅಧ್ಯಾಯ ಬರೆಯಬೇಕೆಂದಿದ್ದೇನೆ. ಊರಿನಲ್ಲಿ ಠಾಣೆ ಎಂದೂ ಇರಲಿಲ್ಲವೆಂದು ಕೆಲವರು ಹೇಳುತ್ತಾರೆ. ಹಿಂದೆ ಏನೋ ಒಂದು ಏರ್ಪಾಡು ಇತ್ತೆಂದು ಹಿರಿಯರು ಹೇಳುತ್ತಾರೆ. ನಮ್ಮ ಭಾಗದ ಹಳ್ಳಿಗಳಿಗೆ ಈ ಸೇವೆ ಯಾವಾಗ ತಲುಪಿತು? ದಾಖಲೆಗಳನ್ನು ಎಲ್ಲಿ ಹುಡುಕಬೇಕು?
— ನಿವೃತ್ತ ಶಿಕ್ಷಕರೊಬ್ಬರು, ಬ್ಯಾಡಗಿ ತಾಲ್ಲೂಕು

ಉತ್ತರ: ನಿಮ್ಮ ಊರಿನಲ್ಲಿ ಠಾಣೆಯ ಕಟ್ಟಡ ಇದ್ದಿರುವ ಸಾಧ್ಯತೆ ಬಹಳ ಕಡಿಮೆ. ಇದಕ್ಕೆ ಕಾರಣ ಊರಿನವರ ಉದಾಸೀನವಲ್ಲ. ನಮ್ಮ ಕಾನೂನುಗಳು ಮೊದಲಿನಿಂದಲೂ ಬೆಂಕಿಯನ್ನು ಪಟ್ಟಣದ ವಿಷಯವೆಂದೇ ಭಾವಿಸುತ್ತ ಬಂದಿವೆ. ಹಳೆಯ ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿಗೆ ಸೇರಿತ್ತು; ಇಂದಿನ ಹಾವೇರಿ ಮತ್ತು ಗದಗ ಜಿಲ್ಲೆಗಳು ಅದರಿಂದ ಬೇರೆಯಾದದ್ದು 1997ರಲ್ಲಿ. ಹುಬ್ಬಳ್ಳಿಯಲ್ಲಿ 1855ರಲ್ಲಿ, ಧಾರವಾಡದಲ್ಲಿ 1856ರಲ್ಲಿ, ಗದಗ-ಬೆಟಗೇರಿಯಲ್ಲಿ 1859ರಲ್ಲಿ ಪುರಸಭೆಗಳು ಹುಟ್ಟಿದವು. ಮುಂಬಯಿ ಪ್ರಾಂತದ 1901ರ ಜಿಲ್ಲಾ ಪುರಸಭೆಗಳ ಕಾಯ್ದೆಯು ಬೀದಿಗೆ ದೀಪ ಹಾಕುವುದು, ಕಸ ತೆಗೆಯುವುದು ಮೊದಲಾದ ಕರ್ತವ್ಯಗಳ ಸಾಲಿನಲ್ಲಿಯೇ ಬೆಂಕಿ ಆರಿಸುವುದನ್ನೂ, ಬೆಂಕಿ ಬಿದ್ದಾಗ ಜೀವ ಮತ್ತು ಆಸ್ತಿಯನ್ನು ಕಾಪಾಡುವುದನ್ನೂ ಪುರಸಭೆಯ ಮೇಲೆ ಹೊರಿಸಿತು. ಆ ಕಾಯ್ದೆ ಪುರಸಭೆಯ ಎಲ್ಲೆಯೊಳಗೆ ಮಾತ್ರ ನಡೆಯುವಂಥದ್ದು. ಎಲ್ಲೆಯ ಹೊರಗಿನ ಹಳ್ಳಿಯ ಬೆಂಕಿ ಯಾರ ಹೊಣೆಯೆಂಬುದನ್ನು ಅದು ಹೇಳಲಿಲ್ಲ.

ಪಟ್ಟಣಗಳ ಭಯಕ್ಕೆ ತಕ್ಕ ಕಾರಣವೂ ಇತ್ತು. 1840ರ ದಶಕದಿಂದ ಈ ಸೀಮೆಯಲ್ಲಿ ಅಮೆರಿಕನ್ ತಳಿಯ ಹತ್ತಿ ಬೇರೂರಿತು. 1880ರ ದಶಕದಲ್ಲಿ ರೈಲು ಬಂದ ಮೇಲೆ ಹುಬ್ಬಳ್ಳಿ ಮತ್ತು ಗದಗ ಹತ್ತಿ ವ್ಯಾಪಾರದ ದೊಡ್ಡ ಕೇಂದ್ರಗಳಾದವು. ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನ ಅಂಗಳದಲ್ಲಿ ರಾಶಿ ಬಿದ್ದ ಅರಳೆಗೆ ಒಂದು ಕಿಡಿ ಸಾಕು. ಒತ್ತಿ ಕಟ್ಟಿದ ಅಂಡಿಗೆಗೆ ಬೆಂಕಿ ಹತ್ತಿದರಂತೂ ಮೇಲೆ ಆರಿದಂತೆ ಕಂಡರೂ ಒಳಗೆ ದಿನಗಟ್ಟಲೆ ಕನಲುತ್ತಿರುತ್ತದೆ. ಹೀಗೆ ಸರಕು, ಬಂಡವಾಳ ಮತ್ತು ಒತ್ತೊತ್ತಾದ ಮನೆಗಳು ಇದ್ದ ಕಡೆಯೇ ಬೆಂಕಿಯ ವಿಚಾರ ಆಡಳಿತದ ಕಣ್ಣಿಗೆ ಬಿದ್ದಿತು.

ಇನ್ನು ನಿಮ್ಮ ಹಿರಿಯರು ಹೇಳುವ ಏರ್ಪಾಡಿನ ಮಾತು. ಅದನ್ನು ತಳ್ಳಿಹಾಕಬೇಡಿ, ನನ್ನ ದೃಷ್ಟಿಯಲ್ಲಿ ನಿಮ್ಮ ಅಧ್ಯಾಯದ ತಿರುಳು ಇರುವುದೇ ಅಲ್ಲಿ. ಬೆಂಕಿಯ ಬಗೆಗಿನ ಎಚ್ಚರ ನಮ್ಮಲ್ಲಿ ಬಹಳ ಹಳೆಯದು. ಬೇಸಿಗೆಯಲ್ಲಿ ಹಳ್ಳಿಯವರು ಅಡುಗೆಯನ್ನು ಮನೆಯ ಹೊರಗೆ ಮಾಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ನಗರದ ಮನೆಗಳಲ್ಲಿ ನೀರಿನ ಕೊಡಗಳು, ಏಣಿ, ಕೊಡಲಿ, ಮೊರ, ಕೊಕ್ಕೆ, ಚರ್ಮದ ಚೀಲ ಸಿದ್ಧವಾಗಿರಬೇಕೆಂದೂ, ಬೆಂಕಿ ಬಿದ್ದ ಮನೆಯತ್ತ ಓಡದ ಮನೆಯೊಡೆಯನಿಗೆ 12 ಪಣ, ಬಾಡಿಗೆಯವನಿಗೆ 6 ಪಣ ದಂಡವೆಂದೂ ಅದರಲ್ಲಿದೆ. ಆ ಸಲಕರಣೆಗಳನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ನಮ್ಮ ಊರುಗಳಲ್ಲಿ ಐವತ್ತು ಅರವತ್ತು ವರ್ಷಗಳ ಹಿಂದೆ ಬೆಂಕಿಗೆ ಬಳಕೆಯಾಗುತ್ತಿದ್ದುದೂ ಹೆಚ್ಚು ಕಡಿಮೆ ಇವೇ ವಸ್ತುಗಳು.

ಬೆಂಕಿ ಕಂಡೊಡನೆ ವಾಲೀಕಾರನೋ ತಳವಾರನೋ ಹಲಗೆ ಬಾರಿಸಿ ಊರನ್ನು ಎಬ್ಬಿಸುತ್ತಿದ್ದ; ಗುಡಿಯ ಗಂಟೆಯೂ ಸೇರುತ್ತಿತ್ತು. ಬಾವಿಯಿಂದ ಕೈಯಿಂದ ಕೈಗೆ ಕೊಡ ದಾಟಿಸುವವರು ಒಂದು ಕಡೆ, ಹಸಿ ಬೇವಿನ ಟೊಂಗೆಯಿಂದ ಬಡಿಯುವವರು ಇನ್ನೊಂದು ಕಡೆ, ಗೋಣಿ ತಟ್ಟುಗಳನ್ನು ನೆನೆಸಿ ಪಕ್ಕದ ಬಣವೆಯ ಮೇಲೆ ಹೊದಿಸುವವರು ಮತ್ತೊಂದು ಕಡೆ. ಕೊಟ್ಟಿಗೆಯ ದನಗಳ ಕಣ್ಣಿ ಹರಿದು ಬಿಡುವುದು ಎಲ್ಲಕ್ಕಿಂತ ಮೊದಲಿನ ಕೆಲಸ. ಇದರಲ್ಲಿ ಯಾರಿಗೆ ಯಾವ ಕೆಲಸ ರೂಢಿಯಿಂದ ಬಂದಿತ್ತು, ಯಾವ ಬಾವಿಯ ನೀರು ಬಳಕೆಯಾಗುತ್ತಿತ್ತು, ಉದ್ದನೆಯ ಏಣಿ ಯಾರ ಮನೆಯಲ್ಲಿರುತ್ತಿತ್ತು ಎಂಬುದನ್ನು ವಿವರವಾಗಿ ಕೇಳಿ ಬರೆದುಕೊಳ್ಳಿ. ಅದನ್ನು ಬಲ್ಲವರು ಇನ್ನು ಬಹಳ ಕಾಲ ನಮ್ಮೊಂದಿಗಿರುವುದಿಲ್ಲ.

ಮನೆ ಕಟ್ಟುವ ರೀತಿಯನ್ನೂ ಈ ಅಧ್ಯಾಯದಲ್ಲಿ ಸೇರಿಸಬೇಕು. ರೋಣ, ನವಲಗುಂದ, ನರಗುಂದದ ಎರೆ ಸೀಮೆಯಲ್ಲಿ ತೊಲೆ, ಜಂತಿಗಳ ಮೇಲೆ ಮಣ್ಣು ಹಾಸಿದ ಮೇಲ್ಮುದ್ದೆಯ ಮನೆಗಳು. ಹೊರಗಿನ ಕಿಡಿ ಬಿದ್ದರೆ ಅವು ಹೊತ್ತಿಕೊಳ್ಳುವುದಿಲ್ಲ. ಹಾನಗಲ್ಲು, ಹಿರೇಕೆರೂರಿನ ಕಡೆ ಮಳೆ ಹೆಚ್ಚು. ಅಲ್ಲಿನ ಹುಲ್ಲು ಹೊದಿಕೆಯ ಮನೆಗಳಲ್ಲಿ ಒಂದಕ್ಕೆ ಹತ್ತಿದ್ದು ಗಾಳಿಯ ದಿಕ್ಕಿನ ಸಾಲಿಗೆಲ್ಲ ಹಬ್ಬುವ ಅಪಾಯವಿತ್ತು. ಹಂಚು ಬಂದ ಮೇಲೆ ಆ ಅಪಾಯ ಬಹಳ ಕಡಿಮೆಯಾಯಿತು. ನಿಮ್ಮ ಊರಿನಲ್ಲಿ ಹುಲ್ಲಿನ ಮನೆಗಳು ಹಂಚಿನ ಮನೆಗಳಾದ ಕಾಲವನ್ನು ಗುರುತಿಸಿದರೆ, ಠಾಣೆ ಬರುವುದಕ್ಕೆ ಮುಂಚೆಯೇ ಊರು ತನ್ನನ್ನು ತಾನು ಎಷ್ಟರ ಮಟ್ಟಿಗೆ ಕಾಪಾಡಿಕೊಂಡಿತ್ತು ಎಂಬುದು ತಿಳಿಯುತ್ತದೆ. ಆಮೇಲೂ ಉಳಿದ ಬೆಂಕಿ ಬಣವೆಯದು. ಜೋಳದ ಕಣಿಕೆ, ಶೇಂಗಾ ಹೊಟ್ಟು, ಈಗ ನಿಮ್ಮ ಕಡೆ ಗೋವಿನಜೋಳದ ಸೊಪ್ಪೆ, ಇವೆಲ್ಲ ಶಿವರಾತ್ರಿಯಿಂದ ರೋಹಿಣಿ ಮಳೆಯವರೆಗೆ ಒಣಗಿ ನಿಂತಿರುತ್ತವೆ. ತಿಪ್ಪೆಗೆ ಚೆಲ್ಲಿದ ಬಿಸಿ ಬೂದಿ, ಕಾಮದಹನದ ಕಿಡಿ, ಹೊಲದ ಬದುವಿಗೆ ಹಚ್ಚಿದ ಬೆಂಕಿ ಹಳೆಯ ಕಾರಣಗಳು. ಜೋತುಬಿದ್ದ ವಿದ್ಯುತ್ ತಂತಿಗೆ ಮೇವು ಹೇರಿದ ಟ್ರ್ಯಾಕ್ಟರ್ ತಗುಲುವುದು ಹೊಸ ಕಾರಣ.

ಸೇವೆ ಪುರಸಭೆಯ ಎಲ್ಲೆ ದಾಟಲು ದಾರಿ ತೆರೆದದ್ದು 1964ರ ಕಾಯ್ದೆ. ಆಗ ಮೈಸೂರು ರಾಜ್ಯವಾಗಿದ್ದ ನಮ್ಮ ನಾಡಿನಲ್ಲಿ ಅದು ಇಡೀ ರಾಜ್ಯಕ್ಕೆ ಒಂದು ಅಗ್ನಿಶಾಮಕ ದಳವನ್ನು ಕಾನೂನಿನ ಮೂಲಕ ಸ್ಥಾಪಿಸಿತು. ಇಂದು ಅದೇ ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ. ಮೊದಲು ದೊಡ್ಡ ಪಟ್ಟಣಗಳು, ಆಮೇಲೆ ಜಿಲ್ಲಾ ಕೇಂದ್ರಗಳು, ಆಮೇಲೆ ತಾಲ್ಲೂಕು ಕೇಂದ್ರಗಳು ಎಂಬ ಕ್ರಮದಲ್ಲಿ ಠಾಣೆಗಳು ಹರಡುತ್ತ ಬಂದವು. ಆದ್ದರಿಂದ ನಿಮ್ಮ ಊರಿನ ಮಟ್ಟಿಗೆ ಬರೆಯಬೇಕಾದದ್ದು ಗಾಡಿ ಯಾವ ಕಾಲದಲ್ಲಿ ಎಲ್ಲಿಂದ ಬರುತ್ತಿತ್ತು ಎಂಬುದನ್ನು. ದೂರದ ಪಟ್ಟಣದ ಠಾಣೆಯಿಂದ ಬರುತ್ತಿದ್ದ ಕಾಲ, ಹಾವೇರಿಯಿಂದ ಬರಲಾರಂಭಿಸಿದ ಕಾಲ, ತಾಲ್ಲೂಕಿನಿಂದಲೇ ಬರಲಾರಂಭಿಸಿದ ಕಾಲ, ಹೀಗೆ ಬೇರೆ ಬೇರೆಯಾಗಿ ಗುರುತಿಸಿದರೆ ಅದೇ ನಿಮ್ಮ ಊರಿನ ಅಗ್ನಿಶಾಮಕ ಠಾಣೆಗಳ ಇತಿಹಾಸ.

ದಾಖಲೆಗಳ ವಿಷಯ. ಈಗಿನ ಠಾಣೆಗಳಲ್ಲಿ ಪ್ರತಿ ಕರೆಯೂ ನಮೂದಾಗುತ್ತದೆ: ಕರೆ ಬಂದ ಸಮಯ, ಸ್ಥಳ, ಬೆಂಕಿಯ ಕಾರಣ, ಆದ ಹಾನಿ. ಲಿಖಿತ ಅರ್ಜಿ ಕೊಟ್ಟು ಕೇಳಿ. ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯನ್ನು ಬಳಸಿ. ಬೆಂಕಿಯು ರಾಜ್ಯ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿರುವ ವಿಪತ್ತು. ಪರಿಹಾರ ಕೇಳಿದ್ದರೆ ತಹಶೀಲ್ದಾರರ ಕಚೇರಿಯಲ್ಲಿ ಪಂಚನಾಮೆ ಇರಬೇಕು. ಪಂಚಾಯಿತಿಯ ಹಳೆಯ ಠರಾವು ಪುಸ್ತಕಗಳನ್ನು ಪುಟ ಬಿಡದೆ ಓದಿ, ಏಕೆಂದರೆ ಬಾವಿಯ ಹೂಳೆತ್ತುವ ಠರಾವಿನ ನಡುವೆಯೇ ಬೆಂಕಿಯ ಪ್ರಸ್ತಾಪ ಸಿಕ್ಕುವುದುಂಟು. ಇನ್ನೂ ಹಿಂದಕ್ಕೆ ಹೋದರೆ ಊರಿನ ಲೆಕ್ಕ ಬರೆಯುತ್ತಿದ್ದ ಕುಲಕರ್ಣಿಯ ದಫ್ತರ. ಮುಂಬಯಿ ಸರ್ಕಾರ 1950ರ ಕಾಯ್ದೆಯಿಂದ ಕುಲಕರ್ಣಿ ವತನವನ್ನು, ಅಂದರೆ ಆ ವಂಶಪಾರಂಪರ್ಯದ ಹುದ್ದೆಯನ್ನು, ರದ್ದುಪಡಿಸಿದ ಮೇಲೆ ಆ ಕಾಗದಗಳು ಗ್ರಾಮ ಲೆಕ್ಕಿಗರಾದ ತಲಾಠಿಗಳ ಕೈಗೆ ಬಂದವು. ಕೆಲವು ಮನೆತನಗಳ ಅಟ್ಟದಲ್ಲೇ ಉಳಿದವು. ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕದ ಹಳೆಯ ಸಂಪುಟಗಳಲ್ಲಿ ಮಾರ್ಚ್‌ನಿಂದ ಮೇವರೆಗಿನ ಸಂಚಿಕೆಗಳನ್ನು ಮೊದಲು ನೋಡಿ. ಇದೇ ಕೆಲಸಕ್ಕೆ ಹೊರಡುವ ಇತರ ಊರಿನವರಿಗೆ ಒಂದು ಸೂಚನೆ: ಸವಣೂರು ನವಾಬರದಾಗಿತ್ತು, ಕುಂದಗೋಳ ಜಮಖಂಡಿ ಸಂಸ್ಥಾನಕ್ಕೂ, ಶಿರಹಟ್ಟಿ ಸಾಂಗಲಿಗೂ, ಲಕ್ಷ್ಮೇಶ್ವರ ಮೀರಜಕ್ಕೂ ಸೇರಿದ್ದವು. ಅಲ್ಲಿನ 1948ರ ಹಿಂದಿನ ಕಾಗದಗಳನ್ನು ಬ್ರಿಟಿಷ್ ಜಿಲ್ಲೆಯ ದಾಖಲೆಗಳಲ್ಲಿ ಹುಡುಕಿ ಫಲವಿಲ್ಲ.

ಹಿರಿಯರ ನೆನಪಿನಲ್ಲಿ ಇಸವಿ ಇರುವುದಿಲ್ಲ. 1972ರ ಬರಗಾಲಕ್ಕೆ ಮೊದಲೋ ಆಮೇಲೋ, ಊರಿಗೆ ಕರೆಂಟು ಬಂದಿತ್ತೋ ಇಲ್ಲವೋ ಎಂದು ಕೇಳಿದರೆ ಕಾಲ ತಾನಾಗಿ ಹೊಂದಿಕೊಳ್ಳುತ್ತದೆ. ಒಬ್ಬೊಬ್ಬರನ್ನು ಬೇರೆ ಬೇರೆಯಾಗಿಯೇ ಕೇಳಿ.

ಪ್ರಶ್ನೆ: ಪ್ರತಿ ವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ಆಚರಿಸುತ್ತಾರೆ. ಆ ದಿನವೇ ಏಕೆ?
— ಪದವಿ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗಿಗೆ ಬೆಂಕಿ ಬಿದ್ದಿತು. ಅದರಲ್ಲಿ ಯುದ್ಧಕ್ಕೆ ತಂದ ಸ್ಫೋಟಕಗಳೂ ಸಾವಿರಾರು ಹತ್ತಿಯ ಅಂಡಿಗೆಗಳೂ ಒಟ್ಟಿಗೆ ಇದ್ದವು. ಬೆಂಕಿ ಆರಿಸುತ್ತಿರುವಾಗಲೇ ಹಡಗು ಸಿಡಿಯಿತು. ಅಗ್ನಿಶಾಮಕ ದಳದ 66 ಮಂದಿ ಕರ್ತವ್ಯದಲ್ಲಿ ಪ್ರಾಣ ಕೊಟ್ಟರು. ಅವರ ನೆನಪಿನ ದಿನ ಅದು. ಹತ್ತಿಯ ಬೆಂಕಿಯನ್ನು ಬಲ್ಲ ನಮ್ಮ ಭಾಗದವರಿಗೆ ಆ ಹಡಗಿನೊಳಗೆ ಅವರು ಎಂಥ ಕೆಲಸಕ್ಕೆ ಇಳಿದಿದ್ದರೆಂಬುದು ಬೇಗ ಅರ್ಥವಾದೀತು.

ಪ್ರಶ್ನೆ: ಕಳೆದ ಬೇಸಿಗೆಯಲ್ಲಿ ನಮ್ಮ ಊರಿನ ಬಣವೆಗಳಿಗೆ ಬೆಂಕಿ ಹತ್ತಿತು. ಫೋನ್ ಮಾಡಿ ಮುಕ್ಕಾಲು ಗಂಟೆಯ ಮೇಲೆ ಗಾಡಿ ಬಂದಿತು. ಅಷ್ಟರಲ್ಲಿ ಎಲ್ಲವೂ ಬೂದಿಯಾಗಿತ್ತು. ಎಷ್ಟು ದೂರಕ್ಕೊಂದು ಠಾಣೆ ಇರಬೇಕೆಂಬ ನಿಯಮವಿದೆಯೇ? ಪಂಚಾಯಿತಿಯೇ ಒಂದು ಠಾಣೆ ತೆರೆಯಬಹುದೇ?
— ರೈತರೊಬ್ಬರು, ರೋಣ ತಾಲ್ಲೂಕು

ಉತ್ತರ: ನಿಮ್ಮ ನಷ್ಟಕ್ಕೆ ವಿಷಾದಿಸುತ್ತೇವೆ. ವರ್ಷದ ಮೇವು ಹೋದರೆ ಎತ್ತು, ಎಮ್ಮೆಗಳನ್ನು ಸಂತೆಗೆ ಹೊಡೆಯುವ ಸ್ಥಿತಿ ಬರುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಯಮವೆನ್ನುವುದಕ್ಕಿಂತ ಶಿಫಾರಸು ಇದೆ. ಕೇಂದ್ರ ಸರ್ಕಾರ 1950ರಲ್ಲಿ ಅಗ್ನಿಶಾಮಕ ಸೇವೆಗಳಿಗಾಗಿ ಒಂದು ಸ್ಥಾಯಿ ಸಲಹಾ ಸಮಿತಿಯನ್ನು ನೇಮಿಸಿತು. ನಗರದಲ್ಲಿ 10 ಚದರ ಕಿಲೋಮೀಟರಿಗೆ ಒಂದು, ಗ್ರಾಮೀಣ ಪ್ರದೇಶದಲ್ಲಿ 50 ಚದರ ಕಿಲೋಮೀಟರಿಗೆ ಒಂದು ಠಾಣೆ ಇರಬೇಕೆಂಬುದು ಅದರ ಮಾನದಂಡ. ಕರೆ ಬಂದ ಮೇಲೆ ತಲುಪುವ ಸಮಯ ನಗರದಲ್ಲಿ ಸುಮಾರು 5 ನಿಮಿಷ, ಹಳ್ಳಿಗಳಲ್ಲಿ 20 ನಿಮಿಷ. 50 ಚದರ ಕಿಲೋಮೀಟರ್ ಎಂದರೆ ಠಾಣೆಯ ಸುತ್ತ ನಾಲ್ಕು ಕಿಲೋಮೀಟರ್ ಮಾತ್ರ. ಗದಗ ಜಿಲ್ಲೆಯ ವಿಸ್ತೀರ್ಣ ಸುಮಾರು 4,650 ಚದರ ಕಿಲೋಮೀಟರ್; ಅದರಲ್ಲಿ ಗದಗ-ಬೆಟಗೇರಿಯಂಥ ಪಟ್ಟಣಗಳ ಲೆಕ್ಕವನ್ನು ಬಿಟ್ಟರೂ ಈ ಮಾನದಂಡದಂತೆ ತೊಂಬತ್ತರಷ್ಟು ಠಾಣೆಗಳು ಬೇಕಾಗುತ್ತವೆ. ಗಜೇಂದ್ರಗಡ, ಲಕ್ಷ್ಮೇಶ್ವರಗಳು ಸೇರಿದ ಮೇಲೂ ಜಿಲ್ಲೆಯಲ್ಲಿರುವ ತಾಲ್ಲೂಕುಗಳು ಏಳು. ತಾಲ್ಲೂಕಿಗೊಂದು ಠಾಣೆ ಎಂಬ ಗುರಿ ಪೂರ್ತಿಯಾಗಿ ಈಡೇರಿದರೂ ಅದು ಈ ಲೆಕ್ಕದ ಹತ್ತಿರಕ್ಕೆ ಬರುವುದಿಲ್ಲ. ತಾಲ್ಲೂಕು ಕೇಂದ್ರದಿಂದ 30 ಕಿಲೋಮೀಟರ್ ದೂರದ ಹಳ್ಳಿಗೆ, ನೀರು ತುಂಬಿದ ಭಾರದ ವಾಹನ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಬಂದರೂ 40 ನಿಮಿಷ ಹಿಡಿಯುತ್ತದೆ. ತಡವಾಗಿ ಬಂದ ಸಿಬ್ಬಂದಿಯ ಮೇಲೆ ಊರಿನವರು ಸಿಟ್ಟಾಗುವುದನ್ನು ಕೇಳಿದ್ದೇವೆ. ಆ ನಿಮಿಷಗಳಲ್ಲಿ ಹೆಚ್ಚಿನವು ರಸ್ತೆಯಲ್ಲಿ ಕಳೆದಂಥವು, ಅದಕ್ಕೆ ಅವರನ್ನು ಹೊಣೆ ಮಾಡುವುದು ಸರಿಯಲ್ಲ.

ಪಂಚಾಯಿತಿಯ ಅಧಿಕಾರದ ಪ್ರಶ್ನೆ ಮುಖ್ಯವಾದದ್ದು. ಸಂವಿಧಾನದ 74ನೆಯ ತಿದ್ದುಪಡಿಯು ನಗರ ಸಂಸ್ಥೆಗಳಿಗಾಗಿ ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆಯ ಹೆಸರಿದೆ. ಪಂಚಾಯಿತಿಗಳಿಗಾಗಿ 73ನೆಯ ತಿದ್ದುಪಡಿಯು ಸೇರಿಸಿದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಅದಿಲ್ಲ. 1901ರ ಕಾಯ್ದೆ ಎಳೆದ ಗೆರೆ 1992ರಲ್ಲಿಯೂ ಅಳಿಸಲಿಲ್ಲ. ಇದು ಸರಿಪಡಿಸಬೇಕಾದ ಕೊರತೆಯೆಂದು ನಾವು ದೃಢವಾಗಿ ನಂಬುತ್ತೇವೆ. ನಮ್ಮ ರಾಜ್ಯದಲ್ಲಿ ಠಾಣೆ ತೆರೆಯುವುದು ಇಲಾಖೆಯ ಕೆಲಸ. ಪಂಚಾಯಿತಿ ಮಾಡಬಹುದಾದದ್ದು, ಅಕ್ಕಪಕ್ಕದ ಪಂಚಾಯಿತಿಗಳೊಡನೆ ಕೂಡಿ ಠರಾವು ಮಾಡಿ, ರಸ್ತೆಗೆ ಹತ್ತಿದ ಜಾಗ ಮತ್ತು ನೀರಿನ ಅನುಕೂಲವನ್ನು ತೋರಿಸಿ, ಕೆಲವು ವರ್ಷಗಳ ಬೆಂಕಿ ಅನಾಹುತಗಳ ದಿನಾಂಕ ಮತ್ತು ಗಾಡಿ ತಲುಪಿದ ಸಮಯಗಳ ಪಟ್ಟಿಯೊಂದಿಗೆ ಶಾಸಕರ ಮೂಲಕ ಬೇಡಿಕೆ ಸಲ್ಲಿಸುವುದು. ಆ ಪಟ್ಟಿಯಿಲ್ಲದ ಮನವಿಗೆ ತೂಕ ಕಡಿಮೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಹೊಳೆಆಲೂರು, ಕೊಣ್ಣೂರುಗಳಿಗೆ ನೀರು ನುಗ್ಗಿದ್ದನ್ನೂ ಸೇರಿಸಿ, ಏಕೆಂದರೆ ನೆರೆಯಲ್ಲಿ ಸಿಕ್ಕಿಬಿದ್ದವರನ್ನು ಹೊರತರುವುದೂ ಈಗ ಇದೇ ಇಲಾಖೆಯ ಕೆಲಸಗಳಲ್ಲಿ ಒಂದು.

ಪ್ರಶ್ನೆ: ಅಗ್ನಿಶಾಮಕ ವಾಹನದ ನೀರು ಕೆಲವೇ ನಿಮಿಷಗಳಲ್ಲಿ ಮುಗಿದು, ಅದು ಮತ್ತೆ ನೀರಿಗಾಗಿ ಹೋಗುವುದನ್ನು ಕಂಡಿದ್ದೇವೆ. ಊರಿನ ಬಾವಿಯಿಂದಲೋ ಕೆರೆಯಿಂದಲೋ ನೇರವಾಗಿ ನೀರು ತೆಗೆದುಕೊಳ್ಳಲು ಬರುವುದಿಲ್ಲವೇ?
— ಯುವಕ ಸಂಘದ ಸದಸ್ಯರು, ನವಲಗುಂದ ತಾಲ್ಲೂಕು

ಉತ್ತರ: ಬರುತ್ತದೆ, ಆದರೆ ಅದಕ್ಕೆ ಊರು ಮೊದಲೇ ಸಿದ್ಧವಾಗಿರಬೇಕು. ಸಾಮಾನ್ಯವಾಗಿ ಬಳಕೆಯಲ್ಲಿರುವ ವಾಹನದ ತೊಟ್ಟಿ 4,500 ಲೀಟರಿನದು. ಒಂದು ಕೊಳವೆಯಿಂದ ನಿಮಿಷಕ್ಕೆ 450 ಲೀಟರ್ ಬಿಟ್ಟರೆ ಹತ್ತೇ ನಿಮಿಷ. ಎರಡು ಕೊಳವೆ ಹಿಡಿದರೆ ಐದು. ಬಣವೆಯ ಬೆಂಕಿಗೆ ಇದು ಸಾಲದು. ನೀರು ಬಣವೆಯ ಮೇಲ್ಪದರವನ್ನು ನೆನೆಸಿ ಹರಿದುಹೋಗುತ್ತದೆ, ಒಳಗಿನ ಕೆಂಡ ಹಾಗೆಯೇ ಉಳಿಯುತ್ತದೆ. ಆದ್ದರಿಂದಲೇ ಸಿಬ್ಬಂದಿ ಜೆಸಿಬಿ ತರಿಸಿ ಬಣವೆಯನ್ನು ಕೆದರಿ ಹರವಿ, ಹರವಿದ್ದಕ್ಕೆ ನೀರು ಹೊಡೆಯುತ್ತಾರೆ. ಎಷ್ಟೋ ಸಲ ಹತ್ತಿದ ಬಣವೆಯನ್ನು ಬಿಟ್ಟು ಹತ್ತದಿರುವುದನ್ನು ನೆನೆಸುತ್ತಾರೆ. ನೋಡುವವರಿಗೆ ಅದು ಅಸಡ್ಡೆಯಂತೆ ಕಂಡರೂ ಅದೇ ಸರಿಯಾದ ಕ್ರಮ.

ವಾಹನದ ಪಂಪು ಹೀರುಗೊಳವೆಯ ಮೂಲಕ ತೆರೆದ ನೀರನ್ನು ಎಳೆದುಕೊಳ್ಳಬಲ್ಲದು. ಇಲ್ಲಿ ಪ್ರಕೃತಿಯದೇ ಒಂದು ಮಿತಿಯಿದೆ. ಕೊಳವೆಯೊಳಗಿನ ಗಾಳಿಯನ್ನು ಪಂಪು ತೆಗೆದಾಗ ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಅದು ಲೆಕ್ಕದಲ್ಲಿ ಹತ್ತು ಮೀಟರ್ ಎತ್ತರದವರೆಗೆ ತಳ್ಳಬಲ್ಲದಾದರೂ ಬಳಕೆಯಲ್ಲಿ ಸಿಕ್ಕುವುದು ಸುಮಾರು ಏಳು ಮೀಟರ್. ಪಂಪಿನಿಂದ ಕೆಳಗೆ ಏಳು ಮೀಟರಿಗಿಂತ ಆಳದಲ್ಲಿ ನೀರು ಇದ್ದರೆ ಎಷ್ಟೇ ದೊಡ್ಡ ಎಂಜಿನ್ ಇದ್ದರೂ ಅದು ಮೇಲೆ ಬರುವುದಿಲ್ಲ. ಬೇಸಿಗೆಯಲ್ಲಿ ಮೆಟ್ಟಿಲಿಳಿದು ಹೋಗುವ ನಮ್ಮ ಪಾವಟಿಗೆ ಬಾವಿಗಳ ನೀರು ತಳ ಸೇರಿರುತ್ತದೆ. ಬಾವಿಯ ಸುತ್ತ ಕಟ್ಟೆ, ಗುಡಿ, ಮನೆಗಳಿರುವುದರಿಂದ ವಾಹನ ಹತ್ತಿರಕ್ಕೆ ಹೋಗಲಾರದು. ಕೆರೆಯಾದರೆ ಅಂಚಿನ ಕೆಸರಿನಲ್ಲಿ ಗಾಲಿ ಹೂತುಹೋಗುವ ಭಯ, ಕೊಳವೆಯ ಬಾಯಿಯ ಜರಡಿಗೆ ಪಾಚಿ ಕಟ್ಟಿಕೊಳ್ಳುವ ತೊಂದರೆ. ಮಲಪ್ರಭಾ ಕಾಲುವೆಯನ್ನು ನೆಚ್ಚಲಾಗದು. ಬೆಂಕಿಯ ದಿನಗಳಲ್ಲಿ ಅದು ಒಣಗಿರುವುದೇ ಹೆಚ್ಚು.

ನವಲಗುಂದದ ಕಡೆ ನಮಗೆ ಭರವಸೆ ಕಾಣುವುದು ಕೃಷಿ ಹೊಂಡಗಳಲ್ಲಿ. ಅವುಗಳ ಆಳ ಕಡಿಮೆ, ತಳಕ್ಕೆ ಹಾಳೆ ಹಾಸಿದ್ದರೆ ಕೆಸರೂ ಕಡಿಮೆ. ಒಂದು ಲಕ್ಷ ಲೀಟರ್ ಉಳಿದ ಹೊಂಡ ಇಪ್ಪತ್ತೆರಡು ವಾಹನಗಳ ನೀರಿಗೆ ಸಮ. ಊರಿಗೆ ಹತ್ತಿರದ ಹೊಂಡಗಳಲ್ಲಿ ಬೇಸಿಗೆಯವರೆಗೆ ನೀರು ನಿಲ್ಲುವಂಥವು ಯಾವುವು, ವಾಹನ ಹೋಗುವಷ್ಟು ಗಟ್ಟಿಯಾದ ದಾರಿ ಯಾವುದಕ್ಕಿದೆ ಎಂದು ನಿಮ್ಮ ಸಂಘದವರು ಶಿವರಾತ್ರಿಗೆ ಮುಂಚೆ ನೋಡಿಡಬಹುದು. ಹೊಂಡದ ಒಡೆಯರ ಒಪ್ಪಿಗೆಯನ್ನು ಆಗಲೇ ಪಡೆಯಬೇಕು. ಕುಡಿಯುವ ನೀರಿನ ಮೇಲ್ತೊಟ್ಟಿಯ ಬುಡದಲ್ಲಿ ವಾಹನ ತುಂಬಿಸಿಕೊಳ್ಳಲು ಒಂದು ದಪ್ಪ ಕವಾಟ ಹಾಕಿಸಲು ಪಂಚಾಯಿತಿಯನ್ನು ಕೇಳಿ. ಅಗ್ನಿಶಾಮಕ ದಳದ ಕೊಳವೆಗಳು ಸಾಮಾನ್ಯವಾಗಿ 63 ಮಿಲಿಮೀಟರಿನವು. ಜೋಡಣೆ ಹೊಂದಿಕೆಯಾಗದಿದ್ದರೆ ಕವಾಟವಿದ್ದೂ ಪ್ರಯೋಜನವಿಲ್ಲವಾದ್ದರಿಂದ, ಹಾಕಿಸುವ ಮೊದಲು ನವಲಗುಂದದ ಠಾಣಾಧಿಕಾರಿಯವರನ್ನು ಕರೆದು ಅಳತೆ ತೋರಿಸಿ. ಔಷಧಿ ಸಿಂಪಡಿಸುವ ಟ್ರ್ಯಾಕ್ಟರ್ ಟ್ಯಾಂಕರುಗಳು ಯಾರ ಯಾರ ಮನೆಯಲ್ಲಿವೆ ಎಂಬ ಪಟ್ಟಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲಿರಲಿ. ಕರೆ ಮಾಡಬೇಕಾದ ಸಂಖ್ಯೆ 112. ಹಳೆಯ 101 ಕೂಡ ಅಗ್ನಿಶಾಮಕ ಸೇವೆಯದೇ. ಕರೆ ಮಾಡುವಾಗ ಊರಿನ ಹೆಸರಿನೊಂದಿಗೆ ತಾಲ್ಲೂಕನ್ನೂ ಹೇಳಿ, ಏಕೆಂದರೆ ಒಂದೇ ಹೆಸರಿನ ಹಳ್ಳಿಗಳು ನಮ್ಮಲ್ಲಿ ಬಹಳ ಇವೆ. ಊರ ಅಗಸಿಯಲ್ಲಿ ದಾರಿ ತೋರಿಸಲು ಒಬ್ಬರನ್ನು ನಿಲ್ಲಿಸಿ.